ಸ್ಟಿಕ್ಕರ್ ಕಿತ್ತರೆ ಅಳಿಸಿಹೋಗೋ ಗೇಮ್‌ಗಳು

ಇಂಜಿನಿಯರಿಂಗಲ್ಲಿ ಎಲೆಕ್ಟ್ರಾನಿಕ್ಸ್ ಓದಿದೋರಿಗೆ ಮೈಕ್ರೋಪ್ರೊಸೆಸರ್ ಲ್ಯಾಬ್ ನೆನಪಿರತ್ತೆ. ಡಬ್ಬಿ ಒಳಗೆ 8085 ಅನ್ನೋ ಪ್ರೊಸೆಸರಿನ ಕಿಟ್, ಆ ಬೋರ್ಡ್ ಮೇಲೆ ಒಂದು ಉದ್ದನೆ ಚಿಪ್ಪು, ಚಿಪ್ಪಿನ ನಡುಮಧ್ಯೆ ಗುಂಡಗೆ ಒಂದು ಪುಟ್ಟ ಗಾಜಿನ ಕಿಟಕಿ, ಕಿಟಕಿ ಮೇಲೆ ಒಂದು ಸ್ಟಿಕ್ಕರ್. ನಾನು ಒಂದಿನ ಒಳಗೆ ಏನಿದೆ ನೋಡೋಣ ಅಂತ ಆ ಸ್ಟಿಕ್ಕರ್ ತುದೀನ ಉಗುರಲ್ಲಿ ಎಬ್ಬಿಸ್ತಾ ಇದ್ದೆ, ಲ್ಯಾಬ್ ಅಟೆಂಡರ್ ಓಡಿ ಬಂದು ಕೈ ಹಿಡ್ಕೊಂಡ್ರು, "ಬೇಡಪ್ಪಾ, ಬಿಸಿಲು ಬಿದ್ರೆ ಒಳಗಿರೋದೆಲ್ಲಾ ಅಳಿಸ್ಹೋಗತ್ತೆ" ಅಂದ್ರು. ಬೆಳಕಿಗೆ ಪ್ರೋಗ್ರಾಮ್ ಅಳಿಸಿಹೋಗತ್ತೆ ಅನ್ನೋದು ಆವತ್ತು ನಂಬೋಕೇ ಆಗಲಿಲ್ಲ.

ಆಮೇಲೆ ಎಷ್ಟೋ ವರ್ಷದ ಮೇಲೆ ಗೇಮ್‌ಬಾಯ್ ಅನ್ನೋ, ಜಪಾನಿನ ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡೋ ಯಂತ್ರದ ಹಳೇ ಗೇಮ್‌ಗಳ ಬಗ್ಗೆ ಓದೋ ಹುಚ್ಚು ಹತ್ತಿದಾಗ ಒಂದು ಫೋಟೋ ನೋಡ್ದೆ, ಬಿಡುಗಡೆನೇ ಆಗದ ಒಂದು ಗೇಮಿನ ಕಾರ್ಟ್ರಿಡ್ಜ್, ಅಂದ್ರೆ ಯಂತ್ರಕ್ಕೆ ಸಿಕ್ಕಿಸೋ ಗೇಮಿನ ಡಬ್ಬಿ, ಅದನ್ನ ಬಿಚ್ಚಿದ್ರೆ ಒಳಗೆ ಅದೇ ಕಿಟಕಿ, ಅದೇ ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ಪೆನ್ನಲ್ಲಿ ಬರೆದ ಒಂದು ತಾರೀಖು. ಆ ಗೇಮಿಗೆ ಪ್ರಪಂಚದಲ್ಲಿ ಇರೋದು ಅದೊಂದೇ ಪ್ರತಿ ಆಗಿರಬಹುದು, ಅದೂ ಒಂದು ಕಾಗದದ ತುಂಡಿನ ಕೆಳಗೆ. ಆವತ್ತಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ. ಪ್ರೋಟೋಟೈಪ್ ಅಂದ್ರೇನು, ಅದು ಹೇಗೆ ಉಳಿಯತ್ತೆ, ಹೇಗೆ ಸಿಗತ್ತೆ, ಸಿಕ್ಕಮೇಲೆ ಅದರೊಳಗೆ ಏನ್ ನೋಡ್ತಾರೆ, ಇದನ್ನ ನನಗೆ ಗೊತ್ತಿರೋಷ್ಟು ಬಿಡಿಸಿ ಹೇಳ್ತೀನಿ.

ಮೊದಲು ಹೆಸರುಗಳ ಗೊಂದಲ ಬಗೆಹರಿಸ್ಕೊಳ್ಳೋಣ. ಅಂಗಡಿಗೆ ಬರೋ ಮುಂಚಿನ ಗೇಮಿನ ಪ್ರತಿಗಳಿಗೆ ಒಟ್ಟಾಗಿ ಪ್ರೋಟೋಟೈಪ್ ಅಂತಾರೆ. ಜನ ಎಲ್ಲದಕ್ಕೂ ಬೀಟಾ ಅಂತಾರೆ, ಆದ್ರೆ ಒಳಗೆ ತುಂಬಾ ಬೇರೆ ಬೇರೆ ಸಾಮಾನಿದೆ. ಗೇಮ್ ಮಾಡ್ತಾ ಮಾಡ್ತಾ ಇವತ್ತಿನವರೆಗೆ ಆಗಿರೋ ಕೆಲಸಾನ ಒಟ್ಟುಗೂಡಿಸಿ ಓಡಿಸಿ ನೋಡೋಕೆ ತಯಾರು ಮಾಡಿದ್ದು ಬಿಲ್ಡ್, ಒಂದು ಗೇಮಿಗೆ ಇಂಥಾ ಬಿಲ್ಡುಗಳು ನೂರಾರು ಇರತ್ತೆ. ಮೇಳದಲ್ಲಿ ಜನಕ್ಕೆ ತೋರಿಸೋಕೆ ಅಂತ ಮಾಡಿದ್ದು ಡೆಮೊ. ಪತ್ರಿಕೆಯವರಿಗೆ ವಿಮರ್ಶೆ ಬರೆಯೋಕೆ ಮುಂಚೆನೇ ಕಳಿಸಿದ್ದು ರಿವ್ಯೂ ಕಾಪಿ, ಇದು ಬಹುಪಾಲು ಅಂಗಡಿಗೆ ಬಂದ ಗೇಮಿನ ಥರಾನೇ ಇರತ್ತೆ, ಒಂದೆರಡು ಬಗ್ ಜಾಸ್ತಿ ಇರಬಹುದು ಅಷ್ಟೆ. ಇನ್ನೊಂದು ಜಾತಿ ಇದೆ, ಎಲ್ಲಾ ಮುಗಿದು ಇನ್ನೇನು ಅಂಗಡಿಗೆ ಬರಬೇಕು ಅನ್ನೋವಾಗ ನಿಂತುಹೋದದ್ದು. ಹೊಟ್ಟೆ ಉರಿಯೋದು ಈ ಕೊನೇ ಜಾತಿ ನೋಡಿದಾಗ.

ಈಗ ಆ ಕಿಟಕಿ ಚಿಪ್ಪಿಗೆ ಬರೋಣ. ಅಂಗಡಿಯಲ್ಲಿ ಸಿಗ್ತಿದ್ದ ಗೇಮ್‌ಬಾಯ್ ಕಾರ್ಟ್ರಿಡ್ಜಿನ ಒಳಗೆ ಇರ್ತಿದ್ದದ್ದು ಮಾಸ್ಕ್ ರೋಮ್. ಅಂದ್ರೆ ಗೇಮಿನ ಡೇಟಾನ ಆಮೇಲೆ ಬರೆಯೋದಲ್ಲ, ಚಿಪ್ ತಯಾರಾಗೋವಾಗಲೇ ಅದರ ಸಿಲಿಕಾನ್ ಅಚ್ಚಿನಲ್ಲೇ ಸೊನ್ನೆ ಒಂದುಗಳು ಕೂತ್ಬಿಡತ್ತೆ. ಲಕ್ಷಗಟ್ಟಲೆ ಮಾಡಿದ್ರೆ ಒಂದೊಂದು ಚಿಪ್ಪು ಅಗ್ಗ, ಆದ್ರೆ ಅಚ್ಚು ಹಾಕಿಸೋ ಖರ್ಚು ಜಾಸ್ತಿ, ಒಂದೇ ಒಂದು ಬೈಟ್ ತಪ್ಪಾಗಿದ್ರೂ ಅಷ್ಟೂ ಚಿಪ್ಪು ಕಸದ ಬುಟ್ಟಿಗೆ. ದಿನಾ ಬದಲಾಗ್ತಿರೋ ಗೇಮಿಗೆ ಇದು ಆಗೋ ಮಾತಲ್ಲ. ಅದಕ್ಕೇ ಕೆಲಸ ನಡೀತಿರೋವಾಗ ಈಪ್ರೋಮ್ ಬಳಸ್ತಿದ್ರು, ಬರೀಬಹುದು, ಅಳಿಸಬಹುದು, ಮತ್ತೆ ಬರೀಬಹುದು. ಅಳಿಸೋಕೆ ಅಲ್ಟ್ರಾವಯೊಲೆಟ್ ದೀಪ ಇರೋ ಒಂದು ಡಬ್ಬಿ, ಅದರೊಳಗೆ ಚಿಪ್ ಇಟ್ಟು ಸುಮಾರು 15–20 ನಿಮಿಷ ಬಿಟ್ರೆ ಒಳಗಿರೋದೆಲ್ಲಾ ಹೋಗಿ ಹೊಸ ಹಲಗೆ ಥರ ಆಗತ್ತೆ.

ಹೋಗೋದು ಅಂದ್ರೆ ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕಂದ್ರೆ ಮುಂದಿನ ಕಥೆ ಎಲ್ಲಾ ಇದರ ಮೇಲೇ ನಿಂತಿದೆ. ಈಪ್ರೋಮಿನ ಪ್ರತೀ ಬಿಟ್ಟಿಗೂ ಒಂದು ಪುಟ್ಟ ಟ್ರಾನ್ಸಿಸ್ಟರ್ ಇದೆ, ಅದರ ಒಳಗೆ ಯಾವುದಕ್ಕೂ ತಂತಿ ಕೂಡಿಸದೆ ಸುತ್ತಲೂ ಗಾಜಿನಂಥ ಪದರ ಹಾಕಿ ಬಿಟ್ಟಿರೋ ಒಂದು ಗೇಟ್ ಇದೆ. ಚಿಪ್ ಖಾಲಿ ಇದ್ದಾಗ ಎಲ್ಲಾ ಬಿಟ್ಟುಗಳೂ 1. ಎಲ್ಲಿ 0 ಬೇಕೋ ಅಲ್ಲಿ ಜಾಸ್ತಿ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನ್‌ಗಳನ್ನ ಆ ಗೇಟಿನ ಒಳಗೆ ತಳ್ಳಿ ಕೂಡಿಹಾಕ್ತಾರೆ. ಅವು ಅಲ್ಲೇ ಕೂತಿರೋವರೆಗೂ ಗೇಮ್ ಇರತ್ತೆ. ಅಲ್ಟ್ರಾವಯೊಲೆಟ್ ಬಿದ್ರೆ ಅವಕ್ಕೆ ಶಕ್ತಿ ಬಂದು ಗೋಡೆ ಹಾರ್ಕೊಂಡು ಆಚೆ ಹೋಗತ್ತೆ, ಬಿಟ್ಟು ಮತ್ತೆ 1 ಆಗತ್ತೆ. ಸ್ಟಿಕ್ಕರ್ ಇಲ್ದೆ ನೇರ ಬಿಸಿಲಲ್ಲಿ ಇಟ್ರೆ ಸುಮಾರು ಒಂದು ವಾರಕ್ಕೆ, ಟ್ಯೂಬ್‌ಲೈಟ್ ಕೆಳಗೆ ಯಾವಾಗಲೂ ಬಿಟ್ಟಿದ್ರೆ ಸುಮಾರು ಮೂರು ವರ್ಷಕ್ಕೆ ಅಳಿಸಿಹೋಗತ್ತೆ ಅಂತ ಚಿಪ್ ತಯಾರಕರೇ ಹಳೇ ಡೇಟಾಶೀಟುಗಳಲ್ಲಿ ಬರೆದಿದ್ದಾರೆ. ಬೆಳಕೇ ಬೀಳದಿದ್ರೂ ಹತ್ತಾರು ವರ್ಷದಲ್ಲಿ ಆ ಎಲೆಕ್ಟ್ರಾನ್‌ಗಳು ಒಂದೊಂದಾಗಿ ಸೋರ್ತಾನೇ ಇರತ್ತೆ. ಗೇಮ್‌ಬಾಯ್ ಬಂದಿದ್ದು 1989ರಲ್ಲಿ, ಗೇಮ್‌ಬಾಯ್ ಕಲರ್ 1998ರಲ್ಲಿ. ಆ ಕಾಲದಲ್ಲಿ ಬರೆದ ಚಿಪ್ಪುಗಳಿಗೆ ಈಗ ಎಷ್ಟು ವಯಸ್ಸು ಲೆಕ್ಕ ಹಾಕಿ. ಯಾರದೋ ಮನೆ ಬೀರುವಿನಲ್ಲಿ ಭದ್ರವಾಗಿ ಇದೆ ಅಂದ್ಕೊಂಡಿರೋ ಗೇಮ್ ಬೀರು ಒಳಗೇ ಸವೀತಾ ಇರತ್ತೆ.

ಅದಕ್ಕೇ ಈ ಲೋಕದಲ್ಲಿ ಡಂಪ್ ಮಾಡೋದು ಅನ್ನೋದಕ್ಕೆ ಅಷ್ಟು ಬೆಲೆ. ಡಂಪ್ ಅಂದ್ರೆ ಕಾರ್ಟ್ರಿಡ್ಜಿನ ಒಳಗಿರೋ ಅಷ್ಟೂ ಬೈಟುಗಳನ್ನ ಓದಿ ಕಂಪ್ಯೂಟರಲ್ಲಿ ಒಂದು ಫೈಲ್ ಮಾಡ್ಕೊಳೋದು. ಯುಎಸ್‌ಬಿಗೆ ಸಿಕ್ಕಿಸೋ ಕಾರ್ಟ್ರಿಡ್ಜ್ ರೀಡರುಗಳು ಈಗ ಸುಲಭವಾಗಿ ಸಿಗತ್ತೆ, ಅಂಗಡಿ ಗೇಮ್ ಆದ್ರೆ ಒಂದು ಬಟನ್ ಒತ್ತಿದ್ರೆ ಮುಗೀತು. ಪ್ರೋಟೋಟೈಪ್ ಹಾಗಲ್ಲ. ಗೇಮ್‌ಬಾಯಲ್ಲಿರೋ ಪ್ರೊಸೆಸರ್ ನಮ್ಮ 8085ರ ಅಜ್ಜ 8080, ಮತ್ತೆ ಝಡ್80, ಇವೆರಡರ ಸಂಬಂಧಿಕ, ಅದರ ಅಡ್ರೆಸ್ 16 ಬಿಟ್, ಹಂಗಾಗಿ ಅದಕ್ಕೆ ಒಟ್ಟು ಕಾಣೋದೇ 64 ಕೆಬಿ, ಅದರಲ್ಲಿ ಕಾರ್ಟ್ರಿಡ್ಜಿನ ರೋಮಿಗೆ ಅಂತ ಇರೋ ಜಾಗ 32 ಕೆಬಿ. ಟೆಟ್ರಿಸ್ ಥರದ ಗೇಮ್ ಆ 32 ಕೆಬಿ ಒಳಗೇ ಕೂರತ್ತೆ. ದೊಡ್ಡ ಗೇಮಿಗೆ ಏನ್ ಮಾಡ್ತಾರೆ ಅಂದ್ರೆ ಮೊದಲ 16 ಕೆಬಿ ಹಾಗೇ ಇಟ್ಟು ಎರಡನೇ 16 ಕೆಬಿ ಜಾಗದಲ್ಲಿ ಬೇಕಾದ ಹಾಳೆ ತಿರುವಿ ತಿರುವಿ ತೋರಿಸ್ತಾರೆ, ಆ ಹಾಳೆಗೆ ಬ್ಯಾಂಕ್ ಅಂತಾರೆ, ತಿರುವೋಕೆ ಕಾರ್ಟ್ರಿಡ್ಜಲ್ಲೇ ಒಂದು ಬೇರೆ ಚಿಪ್ ಇರತ್ತೆ. ಗೇಮ್ ಎಷ್ಟು ದೊಡ್ಡದು, ಎಷ್ಟು ಹಾಳೆ ಇದೆ ಅನ್ನೋದನ್ನ ಶುರುವಿನಲ್ಲೇ ಹೆಡರ್ ಅನ್ನೋ ಜಾಗದಲ್ಲಿ ಬರೆದಿರ್ತಾರೆ. ಇಲ್ಲೇ ಎಡವೋದು. ಪ್ರೋಟೋಟೈಪಲ್ಲಿ ಹೆಡರ್ ಸರಿಯಾಗಿ ತುಂಬೋ ಪುರುಸೊತ್ತು ಯಾರಿಗೂ ಇರಲ್ಲ, ಹಳೇ ಗೇಮಿಂದೋ ಟೆಸ್ಟ್ ಪ್ರೋಗ್ರಾಮಿಂದೋ ನಕಲು ಮಾಡಿದ ಹೆಡರ್ ಹಾಗೇ ಉಳ್ಕೊಂಡಿರತ್ತೆ, ಅದನ್ನ ನಂಬಿ ಓದಿದ್ರೆ ಅರ್ಧ ಗೇಮ್ ಮಾತ್ರ ಸಿಗತ್ತೆ, ಓದಿದೋರಿಗೆ ಅದು ಅರ್ಧ ಅಂತಾನೂ ಗೊತ್ತಾಗಲ್ಲ. ಅನುಭವ ಇರೋರು ಹೆಡರ್ ಬದಿಗಿಟ್ಟು ಚಿಪ್ಪಿನ ಮೇಲೆ ಬರೆದಿರೋ ನಂಬರ್ ನೋಡಿ ಅದರ ಪೂರ್ತಿ ಗಾತ್ರ ಓದ್ತಾರೆ, ಜಾಸ್ತಿ ಓದಿದ್ರೆ ಅದೇ ಡೇಟಾ ಎರಡನೇ ಸಲ ಬರತ್ತೆ, ಅಲ್ಲಿಗೆ ಮುಗೀತು ಅಂತ ಅರ್ಥ.

ಒಂದೇ ಸಲ ಓದಿ ಬಿಡೋದೂ ಇಲ್ಲ. ಎರಡು ಮೂರು ಸಲ ಓದಿ ಫೈಲುಗಳನ್ನ ಹೋಲಿಸ್ತಾರೆ, ಬೇರೆ ಬೇರೆ ಬಂದ್ರೆ ಯಾವುದೋ ಬಿಟ್ಟು ಸೋರೋಕೆ ಶುರುವಾಗಿ 0 ಅನ್ಲೋ 1 ಅನ್ಲೋ ಅಂತ ನಡುವೆ ತೂಗಾಡ್ತಿದೆ ಅಂತ. ಇಲ್ಲಿ ಒಂದು ಸೊಗಸಾದ ಉಪಾಯ ಇದೆ, ವಯಸ್ಸಾಗಿ ಎಲೆಕ್ಟ್ರಾನ್ ಸೋರಿ ಕೆಡೋ ಈಪ್ರೋಮಲ್ಲಿ 0 ಹೋಗಿ 1 ಆಗತ್ತೇ ಹೊರತು 1 ಹೋಗಿ 0 ಆಗಲ್ಲ. ಹಂಗಾಗಿ ಹತ್ತು ಸಲ ಓದಿ ಒಂದು ಬಿಟ್ಟು ಏಳು ಸಲ 1, ಮೂರು ಸಲ 0 ಅಂತ ಬಂದ್ರೂ ನಿಜವಾದ ಉತ್ತರ 0 ಇರೋ ಸಾಧ್ಯತೆನೇ ಜಾಸ್ತಿ. ನನಗೆ ಇದು ತುಂಬಾ ಇಷ್ಟದ ಸಂಗತಿ, ಅಳಿಸ್ತಾ ಬಂದ ಶಾಸನದಲ್ಲಿ ಉಳಿದ ಗೀಟುಗಳನ್ನ ಹಿಡ್ಕೊಂಡು ಅಕ್ಷರ ಊಹಿಸ್ತಾರಲ್ಲ, ಅದೇ ಥರದ ಕೆಲಸ.

ಫೈಲ್ ಸಿಕ್ಕಿದ್ರೂ ಗೇಮ್ ಓಡತ್ತೆ ಅಂತ ಗ್ಯಾರಂಟಿ ಇಲ್ಲ. ಗೇಮ್‌ಬಾಯ್ ಆನ್ ಮಾಡಿದಾಗ ಮೇಲಿಂದ ನಿಂಟೆಂಡೊ ಅನ್ನೋ ಹೆಸರು ಇಳಿದು ಬಂದು ಟಿಂಗ್ ಅನ್ನತ್ತಲ್ಲ, ಆ ಚಿತ್ರ ಗೇಮ್‌ಬಾಯ್ ಒಳಗಿಂದ ಬರ್ತಿಲ್ಲ, ಕಾರ್ಟ್ರಿಡ್ಜಿಂದ ಓದಿ ತೋರಿಸ್ತಿರೋದು. ಪ್ರತೀ ಕಾರ್ಟ್ರಿಡ್ಜಲ್ಲೂ 48 ಬೈಟಿನ ಆ ಚಿತ್ರ ಇರಲೇಬೇಕು, ಗೇಮ್‌ಬಾಯ್ ತನ್ನಲ್ಲಿರೋ ಪ್ರತಿ ಜೊತೆ ಅದನ್ನ ಹೋಲಿಸಿ ನೋಡಿ, ಒಂದು ಬಿಟ್ಟು ತಪ್ಪಿದ್ರೂ ಅಲ್ಲೇ ನಿಂತುಬಿಡತ್ತೆ. ಅನುಮತಿ ಇಲ್ದೆ ಗೇಮ್ ಮಾಡೋರು ನಿಂಟೆಂಡೊ ಟ್ರೇಡ್‌ಮಾರ್ಕನ್ನೇ ನಕಲು ಮಾಡಬೇಕಾಗಿ ಬಂದು ಕಾನೂನಿಗೆ ಸಿಕ್ಕಿಹಾಕ್ಕೊಳ್ಳಲಿ ಅಂತ ಮಾಡಿದ್ದ ಏರ್ಪಾಟು ಅದು. ಇದರ ಜೊತೆ ಹೆಡರಿಗೆ ಒಂದು ಬೈಟಿನ ಚೆಕ್‌ಸಮ್, ಅಂದ್ರೆ ಬೈಟುಗಳು ಸರಿ ಇವೆಯಾ ಅಂತ ತಾಳೆ ನೋಡೋ ಮೊತ್ತ ಬೇರೆ, ಅದು ತಪ್ಪಿದ್ರೂ ಓಡಲ್ಲ. ಹಂಗಾಗಿ ಸತ್ತಿದೆ ಅಂದ್ಕೊಂಡ ಕಾರ್ಟ್ರಿಡ್ಜ್ ನಿಜವಾಗಿ ಒಂದೇ ಒಂದು ಬೈಟ್ ಕೆಟ್ಟು ಕೂತಿರಬಹುದು, ಫೈಲಲ್ಲಿ ಅದನ್ನ ಸರಿ ಮಾಡಿದ್ರೆ ಪೂರ್ತಿ ಗೇಮ್ ಎದ್ದು ಕೂರತ್ತೆ.

ಇನ್ನು ಒಳಗೆ ಏನಿದೆ ಅಂತ ಹುಡುಕೋದು. ಡಂಪ್ ಮಾಡಿದ ಫೈಲಿಗೂ ರೋಮ್ ಅಂತಾನೇ ಅಂತಾರೆ. ಗೇಮ್ ಆಡದೇನೇ ಆ ರೋಮ್ ಫೈಲಲ್ಲಿರೋ ಚಿತ್ರಗಳನ್ನ ನೋಡಬಹುದು, ಅದು ಹೇಗೆ ಅಂತ ಒಂದು ಸಾಲು ಕೈಯಲ್ಲೇ ಬಿಡಿಸಿ ತೋರಿಸ್ತೀನಿ, ಪೆನ್ನು ತಗೊಂಡು ನೀವೂ ಮಾಡಿ. ಗೇಮ್‌ಬಾಯ್ ಸ್ಕ್ರೀನ್ 160 ಪಿಕ್ಸೆಲ್ ಅಗಲ, 144 ಎತ್ತರ, ನಾಲ್ಕೇ ಛಾಯೆ. ಎಲ್ಲಾ ಚಿತ್ರನೂ 8 ಪಿಕ್ಸೆಲ್ ಅಗಲ 8 ಎತ್ತರದ ಚೌಕಗಳಿಂದ ಕಟ್ಟಿರೋದು, ಚೌಕಕ್ಕೆ ಟೈಲ್ ಅಂತಾರೆ. ಟೈಲಿನ ಒಂದು ಸಾಲಿಗೆ ಎರಡು ಬೈಟ್, ಎಂಟು ಸಾಲಿಗೆ 16 ಬೈಟ್. ಉದಾಹರಣೆಗೆ ಮೊದಲ ಬೈಟ್ 00111100 ಇದೆ, ಎರಡನೇದು 01111110 ಇದೆ ಅಂದ್ಕೊಳ್ಳಿ. ಒಂದರ ಕೆಳಗೆ ಒಂದು ಬರೀರಿ, ಈಗ ಮೇಲಿಂದ ಕೆಳಗೆ ಜೋಡಿ ಜೋಡಿಯಾಗಿ ಓದಿ. ಮೇಲಿನ ಬಿಟ್ಟಿಗೆ ಬೆಲೆ ಒಂದು, ಕೆಳಗಿನದಕ್ಕೆ ಎರಡು. ಮೊದಲ ಜೋಡಿ 0, 0, ಅಂದ್ರೆ ಛಾಯೆ 0, ಖಾಲಿ. ಎರಡನೇದು ಮೇಲೆ 0 ಕೆಳಗೆ 1, ಅಂದ್ರೆ 2, ಗಾಢ ಬೂದು. ಮುಂದಿನ ನಾಲ್ಕು ಜೋಡಿಯಲ್ಲೂ ಎರಡೂ 1, ಅಂದ್ರೆ 3, ಕಪ್ಪು. ಆಮೇಲೆ ಮತ್ತೆ 2, ಕೊನೇಲಿ 0. ಒಟ್ಟು ಸಾಲು 0 2 3 3 3 3 2 0. ನಡುವೆ ಕಪ್ಪು, ಅಂಚಲ್ಲಿ ಬೂದು, ಒಂದು ಗುಂಡನೆ ತಲೆಯ ಮೇಲ್ಭಾಗ ಇದ್ದ ಹಾಗೆ. ಈ ಕೆಲಸಾನೇ ಫೈಲಿನ ಉದ್ದಕ್ಕೂ ಮಾಡೋ ಸಾಫ್ಟ್‌ವೇರಿಗೆ ಟೈಲ್ ವ್ಯೂವರ್ ಅಂತಾರೆ. ತೆಗೆದು ಕೆಳಗೆ ಇಳಿಸ್ತಾ ಹೋದ್ರೆ ಗಿಜಿಗಿಜಿ ಚುಕ್ಕಿಗಳ ನಡುವೆ ಇದ್ದಕ್ಕಿದ್ದಂತೆ ಒಂದು ಮರ, ಒಂದು ಬಾಗಿಲು, ಅಕ್ಷರಗಳ ಸಾಲು, ಒಂದು ಮುಖ ಎದ್ದು ಬರತ್ತೆ. ಕೆಲವು ಗೇಮಲ್ಲಿ ಚಿತ್ರಗಳನ್ನ ಕುಗ್ಗಿಸಿ ಇಟ್ಟಿರ್ತಾರೆ, ಆಗ ಮೊದಲು ಕುಗ್ಗಿಸಿದ ರೀತಿ ಪತ್ತೆಹಚ್ಚಿ ಬಿಡಿಸಬೇಕು, ಅದಕ್ಕೆ ಅಸೆಂಬ್ಲಿ ಕೋಡ್ ಓದೋಕೆ ಬರಬೇಕು.

ಹಾಗೆ ಎದ್ದು ಬಂದ ಮುಖಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಪೊಕೆಮಾನ್ ಗೋಲ್ಡ್ ಮತ್ತು ಸಿಲ್ವರಿನ 1997ರ ಡೆಮೊ. ಪೊಕೆಮಾನ್ ಅಂದ್ರೆ ವಿಚಿತ್ರ ಪ್ರಾಣಿಗಳನ್ನ ಹಿಡಿದು ಪಳಗಿಸಿ ಕಾದಾಡಿಸೋ ಗೇಮ್, ಆ ಪ್ರಾಣಿಗಳಿಗೂ ಅದೇ ಹೆಸರು. ಮೊದಲ ಪೊಕೆಮಾನ್ ಗೇಮ್‌ಗಳು ಜಪಾನಲ್ಲಿ ಬಂದಿದ್ದು 1996ರ ಫೆಬ್ರವರಿಯಲ್ಲಿ. ಮುಂದಿನ ಭಾಗಾನ 1997ರ ನವೆಂಬರಲ್ಲಿ ನಿಂಟೆಂಡೊದ ಸ್ಪೇಸ್ ವರ್ಲ್ಡ್ ಮೇಳದಲ್ಲಿ ಜನಕ್ಕೆ ಆಡೋಕೆ ಇಟ್ರು. ಆಮೇಲೆ ಅದು ತಡ ಆಯ್ತು, ತಡ ಆಯ್ತು, ಕೊನೆಗೆ ಅಂಗಡಿಗೆ ಬಂದಿದ್ದು 1999ರ ನವೆಂಬರ್ 21ಕ್ಕೆ. ಬಂದ ಗೇಮಿಗೂ ಮೇಳದ ಫೋಟೋಗಳಿಗೂ ತಾಳೆನೇ ಆಗ್ತಿರಲಿಲ್ಲ. ಇಪ್ಪತ್ತು ವರ್ಷ ಅಭಿಮಾನಿಗಳು ಪತ್ರಿಕೆಯಲ್ಲಿ ಬಂದಿದ್ದ ಮಸುಕು ಫೋಟೋ ಇಟ್ಕೊಂಡು ವಾದ ಮಾಡ್ತಾ ಕೂತಿದ್ರು. 2018ರ ಮೇ 31ಕ್ಕೆ ಆ ಮೇಳದ ರೋಮುಗಳು, ಗೋಲ್ಡ್ ಒಂದು ಸಿಲ್ವರ್ ಒಂದು, ಇಂಟರ್ನೆಟ್ಟಲ್ಲಿ ಪ್ರತ್ಯಕ್ಷ ಆದ್ವು.

ಮೇಳದಲ್ಲಿ ಆಡೋಕೆ ಬಿಟ್ಟಿದ್ದದ್ದು ಚಿಕ್ಕ ಭಾಗ, ಆದ್ರೆ ಫೈಲಿನ ಒಳಗೆ ಇಡೀ ಗೇಮಿನ ಕರಡು ಇತ್ತು. 251 ಪೊಕೆಮಾನ್‌ಗಳ ಪಟ್ಟಿ ಆಗಲೇ ತಯಾರು, ಆದ್ರೆ ಹೊಸ ನೂರರಲ್ಲಿ ತುಂಬಾ ಜನ ಯಾರೂ ನೋಡೇ ಇರದವರು. ಶುರುವಿನಲ್ಲಿ ಆರಿಸ್ಕೊಳೋ ಮೂರರಲ್ಲಿ ಎಲೆ ಜಾತೀದು ಒಂದೇ ನಮಗೆ ಪರಿಚಯದ ಚಿಕೋರಿಟಾ ಥರ ಇರೋದು. ಬೆಂಕಿಗೆ ಹೊನೊಗುಮಾ ಅನ್ನೋ ಕರಡಿಮರಿ, ನೀರಿಗೆ ಕುರುಸು ಅನ್ನೋ ಸೀಲ್ ಮರಿ, ಈ ಎರಡೂ ಆಮೇಲೆ ಪೂರ್ತಿ ಮಾಯ. ವಲ್ಪಿಕ್ಸ್ ನರಿಗೆ ಒಂದು ಪುಟಾಣಿ ಮರಿ ರೂಪ ಇತ್ತು, ಅದೂ ಹೋಯ್ತು. ಈವಿ ಅನ್ನೋ ಪೊಕೆಮಾನ್‌ಗೆ ಎಲೆ ಜಾತಿಯ ಒಂದು ರೂಪ ಇತ್ತು, ಅದನ್ನ ಆಗ ತೆಗೆದುಹಾಕಿದ್ರು, ಅದೇ ಯೋಚನೆ 2006ರಲ್ಲಿ ಡೈಮಂಡ್ ಮತ್ತು ಪರ್ಲ್ ಗೇಮಲ್ಲಿ ಲೀಫಿಯಾನ್ ಆಗಿ ವಾಪಸ್ ಬಂತು. ಅಂದ್ರೆ ಒಂಬತ್ತು ವರ್ಷ ಒಂದು ಯೋಚನೆ ಸುಮ್ನೆ ಕಾಯ್ತಾ ಇತ್ತು ಅಂತ ಈ ಫೈಲ್ ಸಿಗೋವರೆಗೂ ಹೊರಗಿನ ಯಾರಿಗೂ ಗೊತ್ತಿರಲಿಲ್ಲ.

ಮ್ಯಾಪ್ ನೋಡಿದಾಗ ಇನ್ನೂ ಆಶ್ಚರ್ಯ. ಅಂಗಡಿಗೆ ಬಂದ ಗೇಮಲ್ಲಿ ಜೊಹ್ಟೊ ಅಂತ ಒಂದು ಪ್ರದೇಶ, ಅದನ್ನ ಮುಗಿಸಿದ್ರೆ ಹಳೇ ಕ್ಯಾಂಟೊ ಪ್ರದೇಶ ಪೂರ್ತಿ ತೆರ್ಕೊಳ್ಳತ್ತೆ. 1997ರ ಕರಡಲ್ಲಿ ಇಡೀ ಜಪಾನ್ ದೇಶದ ಆಕಾರದಲ್ಲೇ ಒಂದು ಮ್ಯಾಪ್, ಮೊದಲ ಗೇಮಿನ ಅಷ್ಟು ದೊಡ್ಡ ಕ್ಯಾಂಟೊ ಅದರ ಒಂದು ಮೂಲೆಯಲ್ಲಿ ಚಿಕ್ಕ ಜಾಗದಲ್ಲಿ ಮುದುಡ್ಕೊಂಡಿದೆ. ಮೊದಲು ಶುರುವಾಗೋ ಊರಿನ ಹೆಸರು ಸೈಲೆಂಟ್ ಹಿಲ್. ಎರಡು ವರ್ಷದಲ್ಲಿ ಇವರು ಕೆತ್ತಿ ತಿದ್ದಿದ್ದು ಅಷ್ಟಿಷ್ಟಲ್ಲ, ಊರುಗಳನ್ನ ಕಿತ್ತು, ಪ್ರಾಣಿಗಳನ್ನ ಮತ್ತೆ ಬರೆದು, ಇಡೀ ಲೋಕಾನೇ ಇನ್ನೊಂದ್ಸಲ ಕಟ್ಟಿದ್ದಾರೆ. ಆಮೇಲೆ ನಿಂಟೆಂಡೊ ಅಧ್ಯಕ್ಷರಾದ ಸತೋರು ಇವಾಟಾ ಆಗ ಇನ್ನೂ ಬೇರೆ ಕಂಪನಿಯಲ್ಲಿದ್ರು, ಆದ್ರೂ ಗೋಲ್ಡ್ ಸಿಲ್ವರಿನ ಚಿತ್ರಗಳನ್ನ ಕುಗ್ಗಿಸೋ ಟೂಲ್ ಅವರೇ ಮಾಡ್ಕೊಟ್ರು. ಈ ಕಥೆ ಸಂದರ್ಶನಗಳಲ್ಲಿ ಬಂದಿದೆ, ಆದ್ರೆ ಎಲ್ಲಿಂದ ಎಲ್ಲಿಗೆ ಬಂದ್ರು ಅನ್ನೋ ದೂರ ಕಣ್ಣಿಗೆ ಕಂಡಿದ್ದು ಕರಡು ಸಿಕ್ಕಮೇಲೇ. ಕವಿಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿರೋ ಸಾಲುಗಳನ್ನ ಓದಿದಾಗ ಉಳಿಸ್ಕೊಂಡ ಸಾಲಿನ ಬೆಲೆ ಗೊತ್ತಾಗತ್ತಲ್ಲ, ಪ್ರೋಟೋಟೈಪಿಗಾಗಿ ಜನ ಇಷ್ಟು ಒದ್ದಾಡೋದು ಯಾಕೆ ಅಂತ ಕೇಳೋರಿಗೆ ನಾನು ಕೊಡೋ ಉತ್ತರ ಇದೇ.

ಗೋಲ್ಡ್ ತಡ ಆದ್ರೂ ಬಿಡುಗಡೆ ಆದ ಗೇಮ್. ಆಗದೇ ಹೋದದ್ದರಲ್ಲಿ ಗೇಮ್‌ಬಾಯ್ ಕಲರಿನ ರೆಸಿಡೆಂಟ್ ಈವಿಲ್ ಕಥೆ ಹೇಳಲೇಬೇಕು. ಕ್ಯಾಪ್ಕಾಮ್ ಕಂಪನಿಯ ಮೂಲ ಗೇಮ್ ಒಂದು ಬಂಗಲೆಯೊಳಗೆ ನಡೆಯೋ ಭಯಾನಕ ಕಥೆ, 1996ರಲ್ಲಿ ಪ್ಲೇಸ್ಟೇಷನ್‌ಗೆ ಸಿಡಿಯಲ್ಲಿ ಬಂದಿದ್ದು, ಕೋಣೆ ಕೋಣೆಗೂ ಕಂಪ್ಯೂಟರಲ್ಲಿ ರೆಂಡರ್ ಮಾಡಿಟ್ಟ ಹಿನ್ನೆಲೆ ಚಿತ್ರ, ಮೇಲೆ ಓಡಾಡೋ ತ್ರೀಡಿ ಮನುಷ್ಯರು. ಇದನ್ನ ಗೇಮ್‌ಬಾಯ್ ಕಲರಿಗೆ ಇಳಿಸೋಕೆ ಹಾಟ್‌ಜೆನ್ ಅನ್ನೋ ಬ್ರಿಟಿಷ್ ಕಂಪನಿ ಹೊರಟಿತ್ತು. ಗೇಮ್‌ಬಾಯ್ ಕಲರಲ್ಲಿ ಹಿನ್ನೆಲೆಗೆ ಒಂದ್ಸಲಕ್ಕೆ ಸಿಗೋದು ನಾಲ್ಕು ನಾಲ್ಕು ಬಣ್ಣದ ಎಂಟು ಪ್ಯಾಲೆಟ್, ಒಂದು ಟೈಲಿಗೆ ಒಂದೇ ಪ್ಯಾಲೆಟ್. ಅಷ್ಟರಲ್ಲೇ ಅವರು ಅದೇ ಬಂಗಲೆ, ಅದೇ ಕ್ಯಾಮೆರಾ ಕೋನಗಳು, ದೂರ ಹೋದ್ರೆ ಚಿಕ್ಕದಾಗಿ ಹತ್ತಿರ ಬಂದ್ರೆ ದೊಡ್ಡದಾಗಿ ಕಾಣೋ ಮನುಷ್ಯರು, ಎಲ್ಲಾ ತೂರಿಸಿದ್ರು. 2000ದಲ್ಲಿ ಕ್ಯಾಪ್ಕಾಮ್ ಇದನ್ನ ನಿಲ್ಲಿಸ್ತು, ಆಡೋರಿಗೂ ತಮಗೂ ತೃಪ್ತಿ ಕೊಡೋ ಮಟ್ಟಕ್ಕೆ ಬರತ್ತೆ ಅನ್ನೋ ನಂಬಿಕೆ ಇಲ್ಲ ಅನ್ನೋ ಅರ್ಥದ ಕಾರಣ ಕೊಟ್ಟು. ಅದರ ಬದಲು 2001ರಲ್ಲಿ ರೆಸಿಡೆಂಟ್ ಈವಿಲ್ ಗೈಡೆನ್ ಅಂತ ಬೇರೆಯವರ ಕೈಲಿ ಮಾಡಿಸಿದ ಬೇರೆಯದೇ ಗೇಮ್ ಬಂತು.

2012ರ ಶುರುವಿನಲ್ಲಿ ಹೆಸರು ಹೇಳದ ಒಬ್ಬರು ನನ್ನ ಹತ್ರ ಅದರ ಈಪ್ರೋಮ್ ಕಾರ್ಟ್ರಿಡ್ಜ್ ಇದೆ, 2,000 ಡಾಲರ್ ಕೂಡಿಸಿಕೊಟ್ರೆ ಎಲ್ಲರಿಗೂ ಬಿಡ್ತೀನಿ ಅಂದ್ರು. ಅಭಿಮಾನಿಗಳು ಚಂದಾ ಎತ್ತಿದ್ರು, ಫೆಬ್ರವರಿಯಲ್ಲಿ ಫೈಲ್ ಹೊರಬಂತು. ಅಪೂರ್ಣ ಗೇಮೇ, ಎಷ್ಟೋ ಕಡೆ ಕೆಲಸ ಬಾಕಿ. ನಾನು ಎಮ್ಯುಲೇಟರಲ್ಲಿ, ಅಂದ್ರೆ ಕಂಪ್ಯೂಟರಲ್ಲೇ ಗೇಮ್‌ಬಾಯ್ ಗೇಮ್ ಓಡಿಸೋ ಸಾಫ್ಟ್‌ವೇರಲ್ಲಿ ಹಾಕಿ ನೋಡ್ದಾಗ ಆ ಬಂಗಲೆಯ ಮೊದಲ ಹಜಾರ ಬಂತಲ್ಲ, ಮೆಟ್ಟಿಲು, ಕೆಂಪು ಜಮಖಾನೆ, ಬೆಂಕಿಪೊಟ್ಟಣದಷ್ಟು ಸ್ಕ್ರೀನಿಗೆ ಅಂತ ಮಾಡಿದ್ದು, ನಿಜವಾಗಿ ಎದ್ದು ನಿಂತೆ. ಆಟವಾಗಿ ಅದು ಚೆನ್ನಾಗಿದೆಯಾ ಅಂದ್ರೆ ಕಷ್ಟ, ಯಾವ ಬಾಗಿಲು ಎಲ್ಲಿದೆ ಅಂತ ಕಾಣಲ್ಲ, ಕ್ಯಾಪ್ಕಾಮ್ ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಆ ಯಂತ್ರದಲ್ಲಿ ಏನು ಸಾಧ್ಯ ಇತ್ತು ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಕಮ್ಮಿ, ಅದನ್ನ ಮಾಡಿದ ಪ್ರೋಗ್ರಾಮರುಗಳ ಕೈಚಳಕ ಹನ್ನೆರಡು ವರ್ಷ ಕತ್ತಲಲ್ಲಿ ಕೂತಿತ್ತು.

ಗೇಮ್ ಚೆನ್ನಾಗಿಲ್ಲದ್ದಕ್ಕೇ ನಿಲ್ಲತ್ತೆ ಅಂತೇನಿಲ್ಲ, ಎಷ್ಟೋ ಸಲ ಕಾರಣ ಗೇಮಿಗೆ ಸಂಬಂಧವೇ ಇರಲ್ಲ. ಬ್ರಿಟನ್ನಿನ ರೇರ್ ಕಂಪನಿ 2001ರಲ್ಲಿ, ಕಲರ್ ಆದಮೇಲೆ ಬಂದ ಗೇಮ್‌ಬಾಯ್ ಅಡ್ವಾನ್ಸಿಗೆ ಡಿಡ್ಡಿ ಕಾಂಗ್ ಪೈಲಟ್ ಅಂತ ಒಂದು ವಿಮಾನದ ರೇಸ್ ಗೇಮ್, ಕೊಕೊನಟ್ ಕ್ರ್ಯಾಕರ್ಸ್ ಅಂತ ಒಂದು ಪಜಲ್ ಗೇಮ್ ತೋರಿಸ್ತು, ಎರಡರಲ್ಲೂ ನಿಂಟೆಂಡೊದ ಡಾಂಕಿ ಕಾಂಗ್ ಅನ್ನೋ ಕೋತಿಗಳ ಬಳಗ. 2002ರ ಸೆಪ್ಟೆಂಬರಲ್ಲಿ ಮೈಕ್ರೋಸಾಫ್ಟ್ 37.5 ಕೋಟಿ ಡಾಲರ್ ಕೊಟ್ಟು ರೇರನ್ನೇ ಕೊಂಡ್ಕೊಳ್ತು. ಕೋತಿಗಳು ನಿಂಟೆಂಡೊದವು, ಗೇಮ್ ಮಾಡೋರು ಈಗ ಮೈಕ್ರೋಸಾಫ್ಟಿನವರು. ಮೈಕ್ರೋಸಾಫ್ಟಿಗೆ ಕೈಯಲ್ಲಿ ಹಿಡಿಯೋ ಯಂತ್ರ ಇರಲಿಲ್ಲ, ಹಂಗಾಗಿ ರೇರ್ ಅಡ್ವಾನ್ಸಿಗೇ ಗೇಮ್ ಮಾಡ್ತಾ ಹೋಯ್ತು, ಆದ್ರೆ ಪಾತ್ರಗಳನ್ನ ಕಿತ್ತು ಬೇರೆಯವರನ್ನ ಕೂರಿಸಬೇಕಾಯ್ತು. ಕೊಕೊನಟ್ ಕ್ರ್ಯಾಕರ್ಸ್ 2004ರ ಡಿಸೆಂಬರಲ್ಲಿ ಇಟ್ಸ್ ಮಿಸ್ಟರ್ ಪ್ಯಾಂಟ್ಸ್ ಅಂತ ಬಂತು, ಡಿಡ್ಡಿ ಕಾಂಗ್ ಪೈಲಟ್ 2005ರಲ್ಲಿ ಬ್ಯಾಂಜೊ ಪೈಲಟ್ ಅಂತ. 2011ರಲ್ಲಿ ಪೈಲಟ್‌ನ ಒಂದು ಹಳೇ ಬಿಲ್ಡ್ ಹೊರಬಂದಾಗ ಜನ ಪಕ್ಕಪಕ್ಕ ಇಟ್ಟು ಆಡಿ ನೋಡಿದ್ರು, ಒಂದೇ ಮನೆಯಲ್ಲಿ ಹಳೇ ಬಾಡಿಗೆದಾರರು ಹೋಗಿ ಹೊಸಬರು ಬಂದ ಹಾಗೆ.

ನಿಂಟೆಂಡೊದ ಇನ್ನೊಂದು ಹೆಸರಾಂತ ಗೇಮ್ ಸರಣಿ ಜೆಲ್ಡಾ, ಅದರ ಕಥೆ ಬೇರೆ. 2001ರಲ್ಲಿ ಬಂದ ಒರಾಕಲ್ ಗೇಮ್‌ಗಳು ಎರಡು, ಒಂದರ ಪಾಸ್‌ವರ್ಡ್ ಇನ್ನೊಂದಕ್ಕೆ ಕೊಟ್ರೆ ಕಥೆ ಮುಂದುವರಿಯತ್ತೆ. ಮೊದಲು ಯೋಚನೆ ಮಾಡಿದ್ದು ಮೂರು. ಮೂರನ್ನೂ ಯಾವ ಕ್ರಮದಲ್ಲಿ ಬೇಕಾದ್ರೂ ಆಡಬಹುದು ಅಂದಾಗ ಅವು ಒಂದಕ್ಕೊಂದು ಹೆಣೆಯೋ ಲೆಕ್ಕ ಕೈಮೀರಿ ಹೋಗಿ ಮೂರನೇದನ್ನ ಕೈಬಿಟ್ರು.

ಇನ್ನು ಕಾಲ ಮೀರಿ ನಿಂತುಹೋದವು. 2001ರಲ್ಲಿ ಗೇಮ್‌ಬಾಯ್ ಅಡ್ವಾನ್ಸ್ ಬಂದಾಗ ಕಲರಿಗೆ ಮಾಡ್ತಿದ್ದ ಎಷ್ಟೋ ಗೇಮ್‌ಗಳಿಗೆ ಪ್ರಕಾಶಕರು ಸಿಗದೇ ಹೋದ್ರು. ಅಫಿನಿಕ್ಸ್ ಅನ್ನೋ ಚಿಕ್ಕ ತಂಡ ಮಾಡ್ತಿದ್ದ ಇನ್ಫಿನಿಟಿ ಅಂಥದ್ದು, ಬಹುಪಾಲು ಮುಗಿದಿತ್ತು, ನಿಲ್ಲಿಸಬೇಕಾಯ್ತು. ಅವರು ಮಾಡಿದ್ದು ನನಗೆ ಆದರ್ಶ ಅನ್ಸತ್ತೆ, 2016ರಲ್ಲಿ ತಮ್ಮ ಅಪೂರ್ಣ ಗೇಮನ್ನ ತಾವೇ ಎಲ್ಲರಿಗೂ ಬಿಟ್ರು, ಜನರ ಪ್ರೀತಿ ನೋಡಿ 2021ರಲ್ಲಿ ದುಡ್ಡು ಕೂಡಿಸಿ ಮುಗಿಸೋಕೆ ಹೊರಟ್ರು. ಶಾಂಟೆ ಅಡ್ವಾನ್ಸ್ ಇನ್ನೊಂದು, ವೇಫಾರ್ವರ್ಡ್ ಕಂಪನಿಯ ಈ ಗೇಮ್ 2004ರಲ್ಲಿ ಪ್ರಕಾಶಕರಿಲ್ಲದೆ ನಿಂತಿತ್ತು, ಹಳೇ ಕೆಲಸಾನ ಕೆದಕಿ ತೆಗೆದು ಮುಗಿಸಿ 2025ರಲ್ಲಿ ನಿಜವಾದ ಗೇಮ್‌ಬಾಯ್ ಅಡ್ವಾನ್ಸ್ ಕಾರ್ಟ್ರಿಡ್ಜಲ್ಲಿ ತಂದ್ರು. ಇಪ್ಪತ್ತೊಂದು ವರ್ಷದ ಮೇಲೆ! ಅವರು ಮೂಲ ಫೈಲುಗಳನ್ನ ಎಸೆದಿರಲಿಲ್ಲ, ಅದಕ್ಕೇ ಇದು ಆಯ್ತು.

ಈಗ ಒಂದು ಕಷ್ಟದ ವಿಷಯ. ಇವೆಲ್ಲಾ ಹೊರಬರೋ ದಾರಿ ಒಂದೇ ಥರ ಇಲ್ಲ. ಒಬ್ಬ ಹಳೇ ಉದ್ಯೋಗಿ ತನ್ನ ಬಳಿ ಉಳಿದ ಕಾರ್ಟ್ರಿಡ್ಜನ್ನ ಕೊಡ್ತಾರೆ, ಪತ್ರಿಕೆ ಆಫೀಸ್ ಮುಚ್ಚೋವಾಗ ಪೆಟ್ಟಿಗೆ ಮಾರಾಟ ಆಗತ್ತೆ, ಸಂಗ್ರಾಹಕರು ಹರಾಜಲ್ಲಿ ಕೊಳ್ತಾರೆ, ಇದು ಒಂದು. ಇನ್ನೊಂದು 2020ರಲ್ಲಿ ಆಗಿದ್ದು, ನಿಂಟೆಂಡೊದ ಒಳಗಿನ ಫೈಲುಗಳು ರಾಶಿರಾಶಿಯಾಗಿ ಸೋರಿಹೋದವು, ಜುಲೈಯಲ್ಲಿ ದೊಡ್ಡ ಕಂತು, ಸೆಪ್ಟೆಂಬರಲ್ಲಿ ಗೇಮ್‌ಬಾಯ್ ಗೇಮ್‌ಗಳ ಕಂತು. ಗೇಮ್ ಮುಗಿದಮೇಲೆ ಬಿಡುಗಡೆಗೆ ಮುಂಚೆ ನಿಂಟೆಂಡೊ ಪರೀಕ್ಷೆ ಮಾಡೋ ಹಂತಕ್ಕೆ ಲಾಟ್‌ಚೆಕ್ ಅಂತಾರೆ, ಆ ಲಾಟ್‌ಚೆಕ್ ರೋಮುಗಳ ನಡುವೆ ಪೊಕೆಮಾನ್ ಪಿಕ್ರಾಸ್ ಸಿಕ್ತು, 1999ರಲ್ಲಿ ಪತ್ರಿಕೆಯಲ್ಲಿ ಜಾಹೀರಾತಾಗಿ ಆಮೇಲೆ ಸದ್ದಿಲ್ದೆ ಮಾಯವಾದ ಗೇಮ್. ನಾನೂ ಖುಷಿಪಟ್ಟೆ, ಸುಳ್ಳು ಹೇಳಲ್ಲ. ಆದ್ರೆ ಕಳವು ಕಳವೇ, ಸರ್ವರಿಂದ ಕದ್ದ ರಾಶಿಯಲ್ಲಿ ಗೇಮ್ ಮಾತ್ರ ಇರಲ್ಲ, ಜನರ ಖಾಸಗಿ ಮಾತುಕತೆ, ಒಳಗಿನ ಕಾಗದಪತ್ರ ಕೂಡ ಬಂದುಬಿಡಬಹುದು. ಸಾಯ್ತಿರೋ ಚಿಪ್ಪನ್ನ ಓದಿ ಉಳಿಸೋದಕ್ಕೂ ಕಂಪನಿ ಜೋಪಾನವಾಗಿ ಇಟ್ಕೊಂಡಿರೋ ಫೈಲನ್ನ ಕದಿಯೋದಕ್ಕೂ ನಾನು ಒಂದೇ ಹೆಸರು ಕೊಡಲ್ಲ. ಹಾಗೇ ಕಂಪನಿಗಳು ಬೀಗ ಹಾಕಿ ಕೂತಿರೋದೂ ಸರಿ ಅನ್ಸಲ್ಲ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ ಅಮೆರಿಕದಲ್ಲಿ ಬಿಡುಗಡೆ ಆದ ಹಳೇ ಗೇಮ್‌ಗಳಲ್ಲಿ 87% ಆಗ ಅಂಗಡಿಯಲ್ಲಿ ಸಿಗ್ತಿರಲಿಲ್ಲ ಅಂತ ಗೊತ್ತಾಯ್ತು, ಅದು ಬಿಡುಗಡೆ ಆದವುಗಳ ಪಾಡು, ಬಿಡುಗಡೆನೇ ಆಗದ ಗೇಮಿಗೆ ದಿಕ್ಕು ಯಾರು.

ಸಂಗ್ರಾಹಕರಿಗೂ ಒಂದು ಮಾತು. ಒಂದೇ ಪ್ರತಿ ನನ್ನ ಹತ್ರ ಇದೆ, ಡಂಪ್ ಮಾಡಿ ಬಿಟ್ರೆ ಬೆಲೆ ಇಳಿದುಹೋಗತ್ತೆ ಅಂತ ಕೆಲವರು ಇಟ್ಕೊಂಡು ಕೂರ್ತಾರೆ. ದುಡ್ಡು ಕೊಟ್ಟು ಕೊಂಡಿದ್ದಾರೆ, ಅವರ ಕಷ್ಟ ನನಗೆ ಅರ್ಥ ಆಗತ್ತೆ. ಹಾಗಂತ ಎಲ್ಲರಿಗೂ ಹಂಚಲೇಬೇಕು ಅಂತಾನೂ ಅಲ್ಲ, ಓದಿ ಒಂದು ಫೈಲ್ ಮಾಡಿ ಎರಡು ಕಡೆ ಇಡಿ ಸಾಕು, ಹಂಚೋದು ಬಿಡೋದು ಆಮೇಲೆ ಯೋಚನೆ ಮಾಡಬಹುದು. ಚಿಪ್ಪು ಸೋರಿದಮೇಲೆ ಯೋಚನೆ ಮಾಡೋಕೆ ಏನೂ ಉಳಿದಿರಲ್ಲ.

ಇದನ್ನ ಕನ್ನಡದಲ್ಲಿ ಬರೆಯೋಕೆ ಕಾರಣ ಇದೆ. ಗೇಮ್‌ಬಾಯ್ ನಮ್ಮಲ್ಲಿ ಹೆಚ್ಚು ಜನರ ಕೈಗೆ ಬರಲಿಲ್ಲ, ನಾವು ಬೆಳೆದಿದ್ದು ಬ್ರಿಕ್ ಗೇಮ್ ಹಿಡ್ಕೊಂಡು. ಆದ್ರೆ ಬೆಂಗಳೂರಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಶುರುವಾಗಿತ್ತು, ಆಮೇಲೆ ಕೀಪ್ಯಾಡ್ ಫೋನಿನ ಜಾವಾ ಗೇಮ್ ಕಾಲದಲ್ಲಿ ಇಲ್ಲಿ ಕೂತು ಗೇಮಿನ ಕೆಲಸ ಮಾಡಿದ ಕನ್ನಡದವರು ಇದ್ದಾರೆ. ಅವರು ಮಾಡಿದ ಗೇಮ್‌ಗಳಲ್ಲೂ ನಿಂತುಹೋದವು ಇರತ್ತೆ, ಹಳೇ ಬಿಲ್ಡುಗಳು ಮನೆ ಅಟ್ಟದ ಮೇಲೆ ಸಿಡಿಯಲ್ಲೋ ಸತ್ತ ಫೋನಲ್ಲೋ ಹಾರ್ಡ್ ಡಿಸ್ಕಲ್ಲೋ ಇರತ್ತೆ. ಮನೆಯಲ್ಲೇ ಬರೆದ ಸಿಡಿಯಲ್ಲಿ ಡೇಟಾ ಹಿಡಿದಿರೋದು ಬಣ್ಣದ ಒಂದು ತೆಳು ಪದರ, ಅದೂ ಬಿಸಿಲು, ತೇವ, ವಯಸ್ಸಿಗೆ ಹಾಳಾಗತ್ತೆ. ನಿಮ್ಮ ಹತ್ರ ಅಂಥದ್ದಿದ್ರೆ ಈ ವಾರ ಒಂದು ಡ್ರೈವ್ ಹುಡುಕಿ ಓದಿಸಿ, ಫೈಲ್ ಹೆಸರಲ್ಲಿ ತಾರೀಖು ಹಾಕಿ, ಯಾವ ಗೇಮ್, ಯಾರ್ಯಾರು ಮಾಡಿದ್ರು, ಯಾಕೆ ನಿಂತಿತು ಅಂತ ನಾಲ್ಕು ಸಾಲು ಬರೆದು ಅದರ ಜೊತೆಗೇ ಇಡಿ. ಕಿಟಕಿ ಇರೋ ಚಿಪ್ಪು ಸಿಕ್ಕಿದ್ರೆ ಸ್ಟಿಕ್ಕರ್ ಮುಟ್ಟಬೇಡಿ, ಸಡಿಲ ಆಗಿದ್ರೆ ಅದರ ಮೇಲೇ ಇನ್ನೊಂದು ಅಂಟಿಸಿ, ಮೇಲೆ ಬರೆದಿರೋ ಕೈಬರಹದ ಫೋಟೋ ಮೊದಲು ತಗೊಳ್ಳಿ.